ಸರ್ಟಿಫಿಕೇಟ್ ರಿನ್ಯೂ ಆಗಿದೆ, ಆದರೂ ಸೈಟ್ ಸುರಕ್ಷಿತವಲ್ಲ ಅಂತ ಬರುತ್ತಿದೆ. ಯಾಕೆ?

ಪ್ರಶ್ನೆ: ನಮ್ಮ ಸಹಕಾರ ಸಂಘದ ವೆಬ್‌ಸೈಟ್‌ಗೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಹಾಕಿದ್ದೇನೆ. ಸರ್ವರ್‌ನಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಪ್ರೋಗ್ರಾಮ್ ಇದೆ. ರಿನ್ಯೂ ಮಾಡುವುದಕ್ಕೆ ಆಕ್ಮೆ ಡಾಟ್ ಎಸ್‌ಎಚ್ ಎಂಬ ಶೆಲ್ ಸ್ಕ್ರಿಪ್ಟ್ ಇದೆ, ನಿಗದಿತ ಸಮಯಕ್ಕೆ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ದಿನಾ ಓಡುತ್ತದೆ. ಕಳೆದ ತಿಂಗಳೇ ರಿನ್ಯೂ ಆಗಿದೆ ಅಂತ ಲಾಗ್ ಹೇಳುತ್ತಿದೆ. ಆದರೆ ಇವತ್ತು ಬೆಳಿಗ್ಗೆಯಿಂದ ಸದಸ್ಯರು ಫೋನ್ ಮೇಲೆ ಫೋನ್ ಮಾಡಿ ‘ಸೈಟ್ ಸುರಕ್ಷಿತವಲ್ಲ ಅಂತ ಬರ್ತಿದೆ’ ಅನ್ನುತ್ತಿದ್ದಾರೆ. ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಆ ಫೋನ್‌ಗಳು ನಿಲ್ಲಲಿ. ಸರ್ವರ್‌ಗೆ ಲಾಗಿನ್ ಆಗಿ ಎಂಜಿನ್‌ಎಕ್ಸ್ ಅನ್ನು ಒಮ್ಮೆ ರಿಲೋಡ್ ಮಾಡಿ. ರೀಸ್ಟಾರ್ಟ್ ಬೇಡ, ರಿಲೋಡ್ ಸಾಕು. ಆ ಹೊತ್ತಿಗೆ ಸೈಟ್ ನೋಡುತ್ತಿರುವವರಿಗೆ ಏನೂ ಅಡ್ಡಿಯಾಗುವುದಿಲ್ಲ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಅಷ್ಟರಿಂದಲೇ ಸೈಟ್ ಸರಿಹೋಗಬೇಕು. ಸರಿಹೋದ ಮೇಲೆ ನಿಧಾನವಾಗಿ ಕೂತು ಇದನ್ನು ಓದಿ. ಇಲ್ಲದಿದ್ದರೆ ಮುಂದಿನ ಸರ್ಟಿಫಿಕೇಟಿನ ಗಡುವಿಗೆ ಇದೇ ಫೋನ್‌ಗಳು ಮತ್ತೆ ಬರುತ್ತವೆ.

ಆಗಿದ್ದು ಇಷ್ಟೇ. ಹೊಸ ಸರ್ಟಿಫಿಕೇಟ್ ಡಿಸ್ಕ್‌ಗೆ ಬಂದಿದೆ, ಎಂಜಿನ್‌ಎಕ್ಸ್‌ನ ಮೆಮೊರಿಗೆ ಬಂದಿಲ್ಲ. ಎಂಜಿನ್‌ಎಕ್ಸ್ ಶುರುವಾಗುವಾಗ ಸರ್ಟಿಫಿಕೇಟ್ ಫೈಲನ್ನೂ ಅದರ ಗುಟ್ಟಿನ ಕೀ ಫೈಲನ್ನೂ ಒಮ್ಮೆ ಓದಿಕೊಳ್ಳುತ್ತದೆ. ಆಮೇಲೆ ಆ ಫೈಲ್ ಬದಲಾಯಿತೇ ಎಂದು ತಿರುಗಿ ನೋಡುವುದಿಲ್ಲ. ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರೂ ಹಾಗೇ. ಸ್ಕ್ರಿಪ್ಟ್ ತನ್ನ ಕೆಲಸ ಮುಗಿಸಿ ಲಾಗ್‌ನಲ್ಲಿ ಬರೆದು ಸುಮ್ಮನಾಗಿದೆ. ಸರ್ವರ್ ಮಾತ್ರ ಮೂರು ತಿಂಗಳ ಹಿಂದಿನ ಪ್ರತಿಯನ್ನೇ ಬಂದವರಿಗೆಲ್ಲ ಕೊಡುತ್ತಿದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಓಪನ್‌ಎಸ್‌ಎಸ್‌ಎಲ್ ಎಂಬ ಪ್ರೋಗ್ರಾಮ್ ಸಾಕು. ಅದರ ಎಕ್ಸ್509 ಕಮಾಂಡಿಗೆ ಸರ್ಟಿಫಿಕೇಟ್ ಫೈಲ್ ಕೊಟ್ಟು ‘ಎಂಡ್‌ಡೇಟ್’ ಕೇಳಿದರೆ ಡಿಸ್ಕ್‌ನಲ್ಲಿರುವ ಪ್ರತಿ ಯಾವಾಗ ಮುಗಿಯುತ್ತದೆ ಎಂದು ಒಂದು ಸಾಲು ಬರುತ್ತದೆ. ಇನ್ನೊಂದು ಕಮಾಂಡ್ ಎಸ್‌ ಅಂಡರ್‌ಸ್ಕೋರ್ ಕ್ಲೈಂಟ್. ಅದು ಬ್ರೌಸರ್‌ನಂತೆಯೇ ನಿಮ್ಮ ಸೈಟ್‌ನ 443ನೇ ಪೋರ್ಟ್‌ಗೆ ಹೋಗಿ ಅಲ್ಲಿ ಕೊಟ್ಟ ಸರ್ಟಿಫಿಕೇಟ್ ತರುತ್ತದೆ. ಒಂದೇ ಸರ್ವರ್‌ನಲ್ಲಿ ನಾಲ್ಕಾರು ಸೈಟ್‌ಗಳಿದ್ದರೆ ‘ಸರ್ವರ್‌ನೇಮ್’ ಆಯ್ಕೆಯಲ್ಲಿ ನಿಮ್ಮ ಡೊಮೇನ್ ಹೆಸರನ್ನೂ ಕೊಡಿ. ತಂದದ್ದನ್ನು ಪೈಪ್ ಮೂಲಕ ಮತ್ತೆ ಎಕ್ಸ್509ಕ್ಕೆ ಹಾಯಿಸಿ. ಈಗ ನಿಮ್ಮ ಮುಂದೆ ಎರಡು ತಾರೀಕುಗಳು ಇರುತ್ತವೆ. ಅವೆರಡೂ ಬೇರೆ ಬೇರೆ ಆಗಿದ್ದರೆ ರೋಗ ಇದೇ. ಇಲ್ಲಿ ಬರುವ ಸಮಯ ಜಿಎಂಟಿ, ಐದೂವರೆ ಗಂಟೆ ಕೂಡಿಸಿಕೊಳ್ಳಿ. ಅಲ್ಲಿ ರಾತ್ರಿ 12ಕ್ಕೆ ಮುಗಿಯುವ ಸರ್ಟಿಫಿಕೇಟ್ ನಮಗೆ ಬೆಳಿಗ್ಗೆ 5.30ಕ್ಕೆ ಮುಗಿಯುತ್ತದೆ.

ಹಾಗಾದರೆ ಸ್ಕ್ರಿಪ್ಟ್ ಯಾಕೆ ರಿಲೋಡ್ ಮಾಡಲಿಲ್ಲ? ಮಾಡು ಎಂದು ಯಾರೂ ಹೇಳಿರಲಿಲ್ಲ ಎಂಬುದೇ ಹೆಚ್ಚಾಗಿ ಕಾರಣ. ಆಕ್ಮೆ ಡಾಟ್ ಎಸ್‌ಎಚ್‌ನಲ್ಲಿ ಸರ್ಟಿಫಿಕೇಟ್ ಪಡೆಯುವುದು ಒಂದು ಹೆಜ್ಜೆ, ಅದನ್ನು ಸರ್ವರ್‌ಗೆ ಕೂರಿಸುವುದು ಇನ್ನೊಂದು. ಮೊದಲನೆಯದು ‘ಇಶ್ಯೂ’, ಎರಡನೆಯದು ‘ಇನ್‌ಸ್ಟಾಲ್-ಸರ್ಟ್’. ಎಷ್ಟೋ ಜನ ಇಶ್ಯೂ ಮುಗಿದ ಖುಷಿಯಲ್ಲಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಸ್ಕ್ರಿಪ್ಟ್ ತನ್ನ ಸ್ವಂತ ಫೋಲ್ಡರ್‌ನಲ್ಲಿಟ್ಟ ಫೈಲ್‌ಗಳನ್ನೇ ಎಂಜಿನ್‌ಎಕ್ಸ್ ಕಾನ್ಫಿಗ್‌ಗೆ ತೋರಿಸಿ, ಕೈಯಾರೆ ಒಂದು ಸಲ ರಿಲೋಡ್ ಮಾಡಿ ಎದ್ದುಬಿಡುತ್ತಾರೆ. ಅವತ್ತಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆ ಫೋಲ್ಡರ್ ಸ್ಕ್ರಿಪ್ಟಿನ ಒಳಮನೆ, ಅದರ ವ್ಯವಸ್ಥೆ ಮುಂದೆ ಬದಲಾಗಬಹುದು, ನೇರವಾಗಿ ಬಳಸಬೇಡಿ ಎಂದು ಅದನ್ನು ಬರೆದವರೇ ಎಚ್ಚರಿಸಿದ್ದಾರೆ. ಇನ್‌ಸ್ಟಾಲ್-ಸರ್ಟ್ ಕೊಡುವಾಗ ಮೂರು ವಿಷಯ ಹೇಳಬೇಕು: ಕೀ ಎಲ್ಲಿಗೆ ಹೋಗಬೇಕು, ಫುಲ್‌ಚೈನ್ (ಸರ್ಟಿಫಿಕೇಟೂ ಅದನ್ನು ಕೊಟ್ಟವರಿಗೆ ಜೋಡಿಸುವ ನಡುವಿನ ಕೊಂಡಿಯೂ ಸೇರಿದ ಫೈಲ್) ಎಲ್ಲಿಗೆ ಹೋಗಬೇಕು, ಆಮೇಲೆ ಯಾವ ಕಮಾಂಡ್ ಓಡಬೇಕು. ಒಮ್ಮೆ ಹೇಳಿದರೆ ಸಾಕು, ಪ್ರತಿ ರಿನ್ಯೂಗೂ ಅದೇ ಕ್ರಮ ನಡೆಯುತ್ತದೆ. ನೀವು ಹೇಳಿದ್ದೀರೋ ಇಲ್ಲವೋ ತಿಳಿಯಲು ಸ್ಕ್ರಿಪ್ಟಿನ ಫೋಲ್ಡರ್‌ನಲ್ಲಿ ನಿಮ್ಮ ಡೊಮೇನ್ ಹೆಸರಿನ ಕಾನ್ಫ್ ಫೈಲ್ ತೆರೆದು ‘ಎಲ್‌ಇ ಅಂಡರ್‌ಸ್ಕೋರ್ ರಿಲೋಡ್‌ಸಿಎಂಡಿ’ ಎಂಬ ಸಾಲು ಹುಡುಕಿ. ಖಾಲಿ ಇದ್ದರೆ ಹೇಳಿಲ್ಲ. ಅಲ್ಲಿ ಅರ್ಥವಾಗದ ಅಕ್ಷರಗಳ ರಾಶಿ ಇದ್ದರೆ ಹೆದರಬೇಡಿ, ಕಮಾಂಡನ್ನು ಬೇಸ್64 ರೂಪದಲ್ಲಿ ಇಟ್ಟಿರುತ್ತದೆ.

ಸಾಲು ತುಂಬಿದ್ದೂ ರಿಲೋಡ್ ಆಗದೆ ಹೋಗುವುದುಂಟು. ಇದನ್ನು ನಾನು ಅನುಭವದಿಂದಲೇ ಕಲಿತೆ. ಶಾಲೆಯೊಂದರ ಪ್ರವೇಶ ಅರ್ಜಿಯ ಸೈಟ್ ನೋಡಿಕೊಳ್ಳುತ್ತಿದ್ದೆ. ಕಾನ್ಫಿಗ್ ಸರಿಯಿದೆಯೇ ಎಂದು ಮೊದಲು ಎಂಜಿನ್‌ಎಕ್ಸ್‌ನ ‘ಟಿ’ ಪರೀಕ್ಷೆ, ಅದು ಪಾಸಾದರೆ ಮಾತ್ರ ರಿಲೋಡ್ ಎಂದು ಎರಡು ಕಮಾಂಡ್‌ಗಳನ್ನು ಜೋಡಿಸಿ ಬರೆದಿದ್ದೆ. ಕೈಯಾರೆ ಓಡಿಸಿದಾಗಲೆಲ್ಲ ಸರಿಯಾಗಿ ಓಡಿತು. ಅರ್ಜಿ ಹಾಕುವ ಕೊನೆಯ ವಾರದ ಒಂದು ಭಾನುವಾರ ಮುಖ್ಯೋಪಾಧ್ಯಾಯರ ಫೋನ್ ಬಂತು. ಹಳ್ಳಿಯಿಂದ ಸೈಬರ್ ಸೆಂಟರ್‌ಗೆ ಬಂದು ಅರ್ಜಿ ತುಂಬುತ್ತಿದ್ದ ತಂದೆತಾಯಿಗಳು ಕೆಂಪು ಎಚ್ಚರಿಕೆ ಕಂಡು ವಾಪಸ್ ಹೋಗುತ್ತಿದ್ದರು. ಆ ಒಂದು ದಿನದ ಬಸ್ ಖರ್ಚು, ಕೂಲಿ ಅವರಿಗೆ ಯಾರು ಕೊಡುತ್ತಾರೆ? ಅವತ್ತಿನಿಂದ ಈ ವಿಷಯವನ್ನು ಸಣ್ಣದೆಂದು ನೋಡಲು ನನಗೆ ಆಗಿಲ್ಲ.

ಕಾರಣ ಸಿಕ್ಕಿದ್ದು ಸಂಜೆಗೆ. ನಾವು ಲಾಗಿನ್ ಆದಾಗ ಕಮಾಂಡ್‌ಗಳನ್ನು ಹುಡುಕುವ ದಾರಿಗಳ ಪಟ್ಟಿ ಉದ್ದವಾಗಿರುತ್ತದೆ. ಕ್ರಾನ್‌ಗೆ ಆ ಪಟ್ಟಿ ಬಲು ಚಿಕ್ಕದು: ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಬಳಕೆದಾರರ ಕ್ರಾನ್‌ಟ್ಯಾಬ್‌ಗೆ (ಕ್ರಾನ್ ಕೆಲಸಗಳ ಪಟ್ಟಿಗೆ) ತಾನಾಗಿ ಸಿಗುವುದು ಯುಎಸ್‌ಆರ್ ಬಿನ್ ಮತ್ತು ಬಿನ್ ಎಂಬ ಎರಡು ಫೋಲ್ಡರ್, ಅಷ್ಟೇ. ಎಂಜಿನ್‌ಎಕ್ಸ್ ಇರುವುದೋ ಯುಎಸ್‌ಆರ್‌ನ ಎಸ್‌ಬಿನ್‌ನಲ್ಲಿ. ಹಾಗಾಗಿ ಕ್ರಾನ್ ಓಡಿಸಿದಾಗ ‘ಎಂಜಿನ್‌ಎಕ್ಸ್ ಎಂಬ ಕಮಾಂಡೇ ಇಲ್ಲ’ ಎಂದು ಪರೀಕ್ಷೆ ಬಿದ್ದುಹೋಗಿತ್ತು. ಪರೀಕ್ಷೆ ಬಿದ್ದಿದ್ದರಿಂದ ಜೋಡಿಸಿದ್ದ ರಿಲೋಡ್ ಓಡಲೇ ಇಲ್ಲ. ದೋಷದ ಸಂದೇಶ ಹೋಗಿದ್ದು ಸರ್ವರ್‌ನ ಒಳಗಿನ ಮೇಲ್‌ಬಾಕ್ಸ್‌ಗೆ. ಅದನ್ನು ಯಾರೂ ತೆರೆಯುವುದಿಲ್ಲ. ಪರಿಹಾರ ಸುಲಭ: ರಿಲೋಡ್ ಕಮಾಂಡ್‌ನಲ್ಲಿ ಪ್ರತಿ ಪ್ರೋಗ್ರಾಮಿನ ಪೂರ್ತಿ ದಾರಿ ಬರೆಯಿರಿ. ಸ್ಕ್ರಿಪ್ಟ್ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಅಲ್ಲದ ಬಳಕೆದಾರನ ಹೆಸರಲ್ಲಿ ಓಡುತ್ತಿದ್ದರೆ ರಿಲೋಡ್‌ಗೆ ಆ ಅಧಿಕಾರ ಕೊಡಿಸುವ ಸೂಡೋ ಬೇಕು. ಆಗ ಅದರ ನಿಯಮಗಳಿರುವ ಸೂಡೋಅರ್ಸ್ ಫೈಲ್‌ನಲ್ಲಿ ಆ ಒಂದೇ ಕಮಾಂಡಿಗೆ ಪಾಸ್‌ವರ್ಡ್ ವಿನಾಯಿತಿ ಕೊಡಿ, ಎಲ್ಲದಕ್ಕೂ ಕೊಡಬೇಡಿ.

ಇಷ್ಟೆಲ್ಲ ಪಾಡು ಯಾಕೆ, ವರ್ಷಕ್ಕೊಂದು ಸರ್ಟಿಫಿಕೇಟ್ ದುಡ್ಡು ಕೊಟ್ಟು ತರಬಾರದೇ ಎಂದು ಸಂಘದ ನಿರ್ದೇಶಕರು ಕೇಳಬಹುದು. ಆ ದಾರಿಯೂ ಮುಚ್ಚುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಮೊದಲ ಸರ್ಟಿಫಿಕೇಟ್ ಕೊಟ್ಟದ್ದು 2015ರ ಸೆಪ್ಟೆಂಬರ್ 14ರಂದು. ಆಗಿನಿಂದಲೇ 90 ದಿನದ ಅವಧಿ ಇಟ್ಟಿತು. ಕೀ ಕಳುವಾದರೆ ಹಾನಿ ಬೇಗ ಮುಗಿಯಲಿ, ಜನ ರಿನ್ಯೂ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲಿ ಎಂಬ ಎರಡು ಕಾರಣ ಕೊಟ್ಟಿತು. ಈಗ ಇಡೀ ಕ್ಷೇತ್ರವೇ ಆ ಕಡೆ ಹೊರಟಿದೆ. ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವವರೂ ಸೇರಿದ ಸಿಎ ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಒಪ್ಪಿದ ನಿಯಮದ ಪ್ರಕಾರ, 398 ದಿನ ಇದ್ದ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47 ದಿನ. ದುಡ್ಡು ಕೊಟ್ಟರೂ ಇಷ್ಟೇ. ಕೈಯಾರೆ ಮಾಡುತ್ತೇನೆ ಎನ್ನುವವರು ಒಂದೂವರೆ ತಿಂಗಳಿಗೊಮ್ಮೆ ಕೂರಬೇಕಾಗುತ್ತದೆ.

ಹಾಗಾಗಿ ಸ್ಕ್ರಿಪ್ಟ್ ಆಯ್ಕೆ ಮಾಡಿಕೊಂಡದ್ದು ಒಳ್ಳೆಯದೇ. ಇದೇ ಕೆಲಸ ಮಾಡುವ, ಇಎಫ್‌ಎಫ್ ಎಂಬ ಸಂಸ್ಥೆಯ ಸರ್ಟ್‌ಬಾಟ್ ಪೈಥಾನ್ ಭಾಷೆಯ ಮೇಲೆ ನಿಂತಿದೆ. ಆಕ್ಮೆ ಡಾಟ್ ಎಸ್‌ಎಚ್‌ಗಾಗಲಿ, ಡಿಹೈಡ್ರೇಟೆಡ್ ಎಂಬ ಇನ್ನೊಂದಕ್ಕಾಗಲಿ ಶೆಲ್, ಕರ್ಲ್, ಓಪನ್‌ಎಸ್‌ಎಸ್‌ಎಲ್ ಇದ್ದರೆ ನಡೆಯುತ್ತದೆ. ಹಳೆಯ ಸಣ್ಣ ಸರ್ವರ್‌ಗಳಿಗೂ ಹೊರೆಯಲ್ಲ. ಇವೆಲ್ಲ ಮಾತಾಡುವುದು 2019ರಲ್ಲಿ ಆರ್‌ಎಫ್‌ಸಿ 8555 ಆಗಿ ಬಂದ ಆಕ್ಮೆ ಎಂಬ ಒಂದೇ ನಿಯಮಾವಳಿಯಲ್ಲಿ. ಆಕ್ಮೆ ಡಾಟ್ ಎಸ್‌ಎಚ್ ಬಳಸುವವರು ಒಂದು ವಿಷಯ ಗಮನಿಸಬೇಕು. 2021ರಿಂದ ಅದು ಏನೂ ಹೇಳದಿದ್ದರೆ ಝೀರೋಎಸ್‌ಎಸ್‌ಎಲ್ ಎಂಬ ಇನ್ನೊಂದು ಸೇವೆಯಿಂದ ಸರ್ಟಿಫಿಕೇಟ್ ತರುತ್ತದೆ. ಲೆಟ್ಸ್ ಎನ್‌ಕ್ರಿಪ್ಟೇ ಬೇಕೆಂದರೆ ಹೇಳಿ ಆಯ್ದುಕೊಳ್ಳಬೇಕು. ಇನ್ನೊಂದು, ಸ್ಕ್ರಿಪ್ಟನ್ನು ಅಪ್‌ಡೇಟ್ ಮಾಡುತ್ತಿರಿ. 2023ರ ಜೂನ್‌ನಲ್ಲಿ ಹೈಸಿಎ ಎಂಬ ಸರ್ಟಿಫಿಕೇಟ್ ಸೇವೆ ಈ ಸ್ಕ್ರಿಪ್ಟ್‌ನಲ್ಲಿದ್ದ ಒಂದು ದೋಷವನ್ನು ಬಳಸಿ ಗ್ರಾಹಕರ ಯಂತ್ರಗಳಲ್ಲಿ ತನ್ನದೇ ಕಮಾಂಡ್‌ಗಳನ್ನು ಓಡಿಸುತ್ತಿದ್ದದ್ದು ಬಯಲಾಯಿತು. ಸೇವೆಯಿಂದ ಬಂದ ಉತ್ತರವನ್ನು ಸ್ಕ್ರಿಪ್ಟ್ ಶೋಧಿಸದೆ, ಕೊಟ್ಟದ್ದನ್ನು ಕಮಾಂಡ್ ಎಂದೇ ಓಡಿಸುವ ಇವ್ಯಾಲ್‌ಗೆ ಕೊಡುತ್ತಿತ್ತು. 3.0.6ನೇ ಆವೃತ್ತಿಯಲ್ಲಿ ಅದನ್ನು ಮುಚ್ಚಿದರು. ರೂಟ್ ಅಧಿಕಾರದಲ್ಲಿ ದಿನಾ ಓಡುವ ಸ್ಕ್ರಿಪ್ಟ್ ಹಳತಾಗಿ ಬಿದ್ದಿರಬಾರದು.

ಕೆಲವರಿಗೆ ರಿಲೋಡ್ ತನಕವೂ ಹೋಗದೆ ರಿನ್ಯೂ ಅಲ್ಲೇ ಸೋಲುತ್ತದೆ. ಈ ಡೊಮೇನ್ ನಿಮ್ಮದೇ ಎಂದು ಪ್ರತಿ ಸಲವೂ ಸಾಬೀತು ಮಾಡಬೇಕಲ್ಲ, ಅಲ್ಲಿ. ಸಾಮಾನ್ಯ ವಿಧಾನದಲ್ಲಿ ಸ್ಕ್ರಿಪ್ಟ್ ಸೈಟ್‌ನ ‘ವೆಲ್ ನೋನ್’ ಫೋಲ್ಡರ್ ಒಳಗೆ ಒಂದು ಫೈಲ್ ಇಡುತ್ತದೆ, ಲೆಟ್ಸ್ ಎನ್‌ಕ್ರಿಪ್ಟ್ 80ನೇ ಪೋರ್ಟ್‌ನಲ್ಲಿ ಬಂದು ಅದನ್ನು ಓದುತ್ತದೆ. ‘ಎಲ್ಲವೂ ಎಚ್‌ಟಿಟಿಪಿಎಸ್ ಆಯಿತು’ ಎಂದು ಫೈರ್‌ವಾಲ್‌ನಲ್ಲಿ 80 ಮುಚ್ಚಿದರೆ ಆ ದಾರಿ ಬಂದ್. ಡೊಮೇನ್ ಹೆಸರಿಗೆ ಸರ್ವರ್ ವಿಳಾಸ ಹೇಳುವ ಡಿಎನ್‌ಎಸ್‌ನಲ್ಲಿ ಹಳೆಯ ಸರ್ವರ್‌ನ ಐಪಿವಿ6 ವಿಳಾಸ ಉಳಿದಿದ್ದರೂ ಹಾಗೇ, ಏಕೆಂದರೆ ಅವರು ಮೊದಲು ನೋಡುವುದು ಆ ವಿಳಾಸವನ್ನೇ. ವೈಲ್ಡ್‌ಕಾರ್ಡ್ (ಎಲ್ಲ ಉಪಡೊಮೇನ್‌ಗಳಿಗೂ ಒಂದೇ) ಸರ್ಟಿಫಿಕೇಟಿಗಾದರೆ ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ದಾಖಲೆ ಹಾಕಬೇಕು. ಅದನ್ನು ಕೈಯಾರೆ ಹಾಕಿದವರಿಗೆ ತಾನಾಗಿ ರಿನ್ಯೂ ಆಗುವುದೇ ಇಲ್ಲ. ಈ ಎಚ್ಚರಿಕೆ ತಲೆಗೆ ಹೋಗಲೆಂದು ಆಕ್ಮೆ ಡಾಟ್ ಎಸ್‌ಎಚ್ ಬರೆದವರು ‘ಹೌದು, ಡಿಎನ್‌ಎಸ್ ಕೈಯಾರೆ ಮಾಡುವುದು ಸಾಕೆಂದು ನನಗೆ ಗೊತ್ತು, ದಯವಿಟ್ಟು ಮುಂದೆ ಹೋಗಿ’ ಎಂಬ ಅರ್ಥದ ಉದ್ದನೆಯ ಆಯ್ಕೆಯನ್ನು ಪೂರ್ತಿ ಟೈಪ್ ಮಾಡಿಸುತ್ತಾರೆ. ನಿಮ್ಮ ಡಿಎನ್‌ಎಸ್ ಕಂಪನಿ ಎಪಿಐ (ಸ್ಕ್ರಿಪ್ಟೇ ದಾಖಲೆ ಹಾಕುವ ದಾರಿ) ಕೊಡುತ್ತಿದ್ದರೆ ಅದನ್ನೇ ಬಳಸಿ. ನಿಮ್ಮ ಡೊಮೇನ್ ಕನ್ನಡದಲ್ಲೇ ಇದ್ದು ಡಾಟ್ ಭಾರತ ಎಂದು ಮುಗಿಯುತ್ತಿದ್ದರೂ ತೊಂದರೆಯಿಲ್ಲ. 2016ರ ಅಕ್ಟೋಬರ್‌ನಿಂದ ಲೆಟ್ಸ್ ಎನ್‌ಕ್ರಿಪ್ಟ್ ಇಂಥ ಹೆಸರುಗಳಿಗೂ ಸರ್ಟಿಫಿಕೇಟ್ ಕೊಡುತ್ತಿದೆ. ಹೆಸರನ್ನು ಪ್ಯೂನಿಕೋಡ್ ಎಂಬ ಇಂಗ್ಲಿಷ್ ಅಕ್ಷರಗಳ ರೂಪಕ್ಕೆ ತಿರುಗಿಸಲು ಸರ್ವರ್‌ನಲ್ಲಿ ಐಡಿಎನ್ ಎಂಬ ಸಣ್ಣ ಪ್ರೋಗ್ರಾಮ್ ಇರಬೇಕು, ಅಷ್ಟೇ.

ಸೈಟ್ ಕಂಪ್ಯೂಟರ್‌ನಲ್ಲಿ ಸರಿಯಾಗಿ ತೆರೆದು ಕೆಲವರ ಮೊಬೈಲ್‌ನಲ್ಲಿ ಮಾತ್ರ ಎಚ್ಚರಿಕೆ ಬಂದರೆ ಅದು ಬೇರೆ ಕಥೆ. ಫುಲ್‌ಚೈನ್ ಬದಲು ಬರೀ ಸರ್ಟಿಫಿಕೇಟ್ ಫೈಲ್ ಕೊಟ್ಟಿದ್ದೀರಿ, ನಡುವಿನ ಕೊಂಡಿ ಇಲ್ಲ ಎಂದರ್ಥ.

ಇನ್ನು ಉಳಿದದ್ದು ಕಾವಲು. ಇದನ್ನು ಮಾತ್ರ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅವಧಿ ಮುಗಿಯುವ ಮುಂಚೆ ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಇಮೇಲ್ 2025ರ ಜೂನ್ 4ಕ್ಕೆ ನಿಂತಿತು. ಹಾಗಾಗಿ ನೋಡುವವರು ನೀವೇ. ಸ್ಕ್ರಿಪ್ಟಿನ ಲಾಗ್ ನೋಡಿ ಪ್ರಯೋಜನವಿಲ್ಲ, ನಿಮಗೆ ಅದು ಕಳೆದ ತಿಂಗಳೇ ‘ಆಯಿತು’ ಎಂದಿತ್ತು. ನೋಡಬೇಕಾದದ್ದು ಹೊರಗಿನವರಿಗೆ ಕಾಣುವ ತಾರೀಕು. ಬೇರೊಂದು ಯಂತ್ರದಲ್ಲಿ, ಅದು ಸಂಘದ ಕಚೇರಿಯ ಹಳೆಯ ಲ್ಯಾಪ್‌ಟಾಪ್ ಆದರೂ ಸರಿ, ಮೂರು ಸಾಲಿನ ಶೆಲ್ ಸ್ಕ್ರಿಪ್ಟ್ ಇಡಿ. ಮೇಲೆ ಹೇಳಿದ ಎಸ್‌ ಅಂಡರ್‌ಸ್ಕೋರ್ ಕ್ಲೈಂಟ್‌ನಿಂದ ಸರ್ಟಿಫಿಕೇಟ್ ತಂದು, ಎಕ್ಸ್509ರ ‘ಚೆಕ್‌ಎಂಡ್’ ಆಯ್ಕೆಗೆ 1209600 ಎಂದು ಕೊಡಿ. ಅದು 14 ದಿನಗಳ ಸೆಕೆಂಡುಗಳು. ಅಷ್ಟರೊಳಗೆ ಮುಗಿಯುವ ಸರ್ಟಿಫಿಕೇಟ್ ಆಗಿದ್ದರೆ ಕಮಾಂಡ್ ಸೋತ ಸೂಚನೆ ಕೊಡುತ್ತದೆ, ಆಗ ನಿಮ್ಮ ಫೋನಿಗೆ ಮೆಸೇಜ್ ಹೋಗುವಂತೆ ಬರೆಯಿರಿ. ಸೈಟ್ ಪೂರ್ತಿ ಬಿದ್ದು ಸರ್ಟಿಫಿಕೇಟೇ ಬರದಿದ್ದರೂ ಇದೇ ಸೂಚನೆ ಬರುತ್ತದೆ, ಆದ್ದರಿಂದ ಅದಕ್ಕೂ ಎಚ್ಚರಿಕೆ ಸಿಗುತ್ತದೆ. 14 ದಿನ ಇದ್ದರೆ ಹಬ್ಬ, ಜಾತ್ರೆ, ಊರಿಗೆ ಹೋಗುವುದು ಎಲ್ಲ ಕಳೆದು ಸರಿಮಾಡಲು ಸಮಯವಿರುತ್ತದೆ.

ಎಲ್ಲ ಬದಲಿಸಿದ ಮೇಲೆ ಒಮ್ಮೆ ಪರೀಕ್ಷಿಸಿ. ಮೊದಲು ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ಟೇಜಿಂಗ್ (ಪರೀಕ್ಷೆಯ) ಸರ್ವರ್ ಮೇಲೆ ಪ್ರಯೋಗ ಮಾಡಿ, ಅಲ್ಲಿ ಸಿಗುವ ಸರ್ಟಿಫಿಕೇಟನ್ನು ಬ್ರೌಸರ್ ನಂಬುವುದಿಲ್ಲ, ಆದರೆ ದಾರಿಯೆಲ್ಲ ಗೊತ್ತಾಗುತ್ತದೆ. ಅಸಲಿ ಸರ್ವರ್ ಮೇಲೆ, ಗಡುವಿಗೆ ಮುಂಚೆಯೇ ರಿನ್ಯೂ ಮಾಡಿಸುವ ‘ಫೋರ್ಸ್’ ಆಯ್ಕೆ ಕೊಟ್ಟು ಪದೇ ಪದೇ ಒತ್ತಬೇಡಿ: ಒಂದೇ ಹೆಸರುಗಳ ಗುಂಪಿಗೆ ವಾರಕ್ಕೆ 5 ಸರ್ಟಿಫಿಕೇಟ್ ಮಾತ್ರ, ಮೀರಿದರೆ ಕಾಯಬೇಕು. ಕೊನೆಗೆ ಒಂದೇ ಒಂದು ಸಲ ಫೋರ್ಸ್ ಕೊಡಿ. ಅದನ್ನೂ ನಿಮ್ಮ ಟರ್ಮಿನಲ್‌ನಿಂದ ಕೊಡಬೇಡಿ, ಹತ್ತು ನಿಮಿಷದ ನಂತರಕ್ಕೆ ಕ್ರಾನ್‌ನಲ್ಲೇ ಒಂದು ತಾತ್ಕಾಲಿಕ ಸಾಲು ಹಾಕಿ ಓಡಿಸಿ. ಅದು ಓಡಿದ ಮೇಲೆ ಕಚೇರಿಯ ಲ್ಯಾಪ್‌ಟಾಪ್‌ನಿಂದ ತಾರೀಕು ಕೇಳಿ. ಹೊಸ ತಾರೀಕು ಬಂದರೆ ಆ ತಾತ್ಕಾಲಿಕ ಸಾಲನ್ನು ಮರೆಯದೆ ಅಳಿಸಿ.