ಕಾರಿನ ಬೆಲೆಯಿಂದ ಕಪಾಟಿನ ಮೂಲೆಗೆ: ಜಪಾನಿನ ಹಳೆಯ ಕ್ವಾರ್ಟ್ಜ್ ವಾಚ್‌ಗಳು

1969ರ ಡಿಸೆಂಬರ್ 25ರಂದು ಟೋಕಿಯೊದಲ್ಲಿ ಸೀಕೊ ಕಂಪನಿ 'ಕ್ವಾರ್ಟ್ಜ್ ಆಸ್ಟ್ರಾನ್' ಎಂಬ ವಾಚನ್ನು ಮಾರಾಟಕ್ಕೆ ಬಿಟ್ಟಿತು. 18 ಕ್ಯಾರೆಟ್ ಚಿನ್ನದ ಕೇಸ್, ಬೆಲೆ 4.5 ಲಕ್ಷ ಯೆನ್. ಅಷ್ಟು ದುಡ್ಡಿಗೆ ಆಗ ಅಲ್ಲಿ ಹೊಸ ಟೊಯೊಟಾ ಕೊರೊಲ್ಲಾ ಕಾರೇ ಬರುತ್ತಿತ್ತು. ಕ್ವಾರ್ಟ್ಜ್, ಅಂದ್ರೆ ಸೆಲ್ ಹಾಕುವ ಸ್ಫಟಿಕದ ವಾಚ್, ಅಗ್ಗದ ಮಾಲು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆ ಬೆಲೆಗೆ ಕಾರಣವಿತ್ತು. ಕೀ ಕೊಡುವ ಒಳ್ಳೆಯ ವಾಚ್ ಕೂಡ ದಿನಕ್ಕೆ ಕೆಲವು ಸೆಕೆಂಡ್ ಹಿಂದೆ ಮುಂದೆ ಆಗುತ್ತದೆ. ಆಸ್ಟ್ರಾನ್ ತಪ್ಪುತ್ತಿದ್ದದ್ದು ತಿಂಗಳಿಗೆ 5 ಸೆಕೆಂಡ್. ಸೆಲ್‌ನ ವಿದ್ಯುತ್ ತಾಗಿದಾಗ ಒಳಗಿನ ಸ್ಫಟಿಕದ ಚೂರು ಸೆಕೆಂಡಿಗೆ 8,192 ಸಲ ಕಂಪಿಸುತ್ತಿತ್ತು. ಮುಂದೆ 32,768 ಎಂಬ ಸಂಖ್ಯೆ ರೂಢಿಗೆ ಬಂತು. ಅದನ್ನು 15 ಸಲ ಅರ್ಧ ಮಾಡುತ್ತಾ ಹೋಗಿ, ಸರಿಯಾಗಿ 1 ಉಳಿಯುತ್ತದೆ. ಆ ಒಂದು ಮಿಡಿತಕ್ಕೆ ಪುಟ್ಟ ಮೋಟಾರ್ ಸೆಕೆಂಡ್ ಮುಳ್ಳನ್ನು ಒಂದು ಹೆಜ್ಜೆ ಮುಂದೆ ತಳ್ಳುತ್ತದೆ.

ನನ್ನ ಕಣ್ಣಿಗೆ ಈ ವಾಚ್‌ಗಳ ಚಿನ್ನದ ಕಾಲ ಅಂದ್ರೆ 1970ರ ದಶಕದ ಕೊನೆಯ ವರ್ಷಗಳು. ಜಪಾನಿನದೇ ಇನ್ನೊಂದು ಕಂಪನಿ ಸಿಟಿಜನ್ 1975ರಲ್ಲಿ 'ಕ್ರಿಸ್ಟ್ರಾನ್ ಮೆಗಾ' ತಂದಿತು. ಅದು ವರ್ಷಕ್ಕೆ ತಪ್ಪುತ್ತಿದ್ದದ್ದು ಬರೀ 3 ಸೆಕೆಂಡ್! 1978ರಲ್ಲಿ ಸೀಕೊ 'ಟ್ವಿನ್ ಕ್ವಾರ್ಟ್ಜ್' ಮಾಡಿತು. ಚಳಿ, ಸೆಕೆಗೆ ಸ್ಫಟಿಕದ ಲಯ ಏರುಪೇರಾಗುತ್ತದೆ, ಅಲ್ವಾ? ಅದನ್ನು ಸರಿದೂಗಿಸಲು ಒಳಗೆ ಎರಡನೇ ಸ್ಫಟಿಕ ಕೂರಿಸಿದರು. ಅದೇ ವರ್ಷ ಸಿಟಿಜನ್ 1 ಮಿ.ಮೀ.ಗಿಂತಲೂ ತೆಳುವಾದ ಯಂತ್ರ ಮಾಡಿ ತೋರಿಸಿತು. ಶರ್ಟಿನ ತೋಳಿನಡಿ ಸಲೀಸಾಗಿ ಸರಿಯುವ ಡ್ರೆಸ್ ವಾಚ್‌ಗೆ ಬೇಕಾದದ್ದು ಇದೇ ತೆಳುತನ.

ಆಮೇಲೆ ವಾಚಿನೊಳಗಿನ ಎಲೆಕ್ಟ್ರಾನಿಕ್ ಚಿಪ್ ಅಗ್ಗವಾಯಿತು. ಹಾಂಗ್‌ಕಾಂಗ್‌ನಿಂದ ಕಡಿಮೆ ಬೆಲೆಯ ಕ್ವಾರ್ಟ್ಜ್ ವಾಚ್‌ಗಳು ರಾಶಿ ರಾಶಿ ಬಂದವು. ಸ್ವಿಟ್ಜರ್ಲೆಂಡ್‌ನಲ್ಲಿ ವಾಚ್ ಕೆಲಸಗಾರರ ಸಂಖ್ಯೆ ಸುಮಾರು 90 ಸಾವಿರದಿಂದ 30 ಸಾವಿರದ ಆಸುಪಾಸಿಗೆ ಇಳಿಯಿತು. ನಮ್ಮಲ್ಲೂ ಆ ಬಿಸಿ ತಟ್ಟಿತು. 1961ರಿಂದ ಬೆಂಗಳೂರಿನಲ್ಲಿ ಸಿಟಿಜನ್ ನೆರವಿನಿಂದಲೇ ವಾಚ್ ಮಾಡುತ್ತಿದ್ದ ಎಚ್‌ಎಂಟಿ ಕೀ ಕೊಡುವ ವಾಚ್‌ಗಳನ್ನೇ ಜಾಸ್ತಿ ನೆಚ್ಚಿಕೊಂಡಿತು. ಹೊಸೂರಿನಲ್ಲಿ ಶುರುವಾದ ಟೈಟಾನ್ ಕ್ವಾರ್ಟ್ಜ್ ಹಿಡಿದು ಮುಂದೆ ಹೋಯಿತು. ಆದರೆ ಎಲ್ಲರ ಕೈಗೂ ಬಂದ ಮೇಲೆ ಕ್ವಾರ್ಟ್ಜ್‌ನ ಮೊದಲಿನ ಗತ್ತು ಹೋಯಿತು. ಜಪಾನಿನ ಆ ದುಬಾರಿ ವಾಚ್‌ಗಳೂ ಅದೇ ಹೆಸರಿನ ಅಡಿ ಸಿಕ್ಕಿ ಸೆಲ್ ತೀರಿ ಕಪಾಟು ಸೇರಿದವು. ಇದು ಅವಕ್ಕೆ ಆದ ಅನ್ಯಾಯ ಅಂತಲೇ ನನ್ನ ಭಾವನೆ.

ಈಗ ಸಂಗ್ರಹಕಾರರು ಹುಡುಕುವುದು ಇವನ್ನೇ: ಸೀಕೊದ ಗ್ರಾಂಡ್ ಕ್ವಾರ್ಟ್ಜ್, ಕಿಂಗ್ ಕ್ವಾರ್ಟ್ಜ್, ಸಿಟಿಜನ್ ಎಕ್ಸೀಡ್. ಆ ಕಾಲದ ಸೀಕೊ ಕೈಗೆ ಸಿಕ್ಕರೆ ಹಿಂದೆ ತಿರುಗಿಸಿ ನೋಡಿ. ಆರಂಕಿಯ ಸಂಖ್ಯೆ ಇರುತ್ತದೆ. ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. 81ರಿಂದ ಶುರುವಾದರೆ ಅದು 1978ರ ಜನವರಿಯದು, ಇಲ್ಲವೇ 1988ರದು. ಯಾವ ದಶಕ ಅನ್ನುವುದನ್ನು ಯಂತ್ರದ ನಂಬರ್ ಹೇಳುತ್ತದೆ. ಹಲವು ಡಯಲ್‌ಗಳಲ್ಲಿ 6ರ ಹತ್ತಿರ ಸಣ್ಣದೊಂದು ಗುರುತು ಇರುತ್ತದೆ. ಸುಳಿಯಂತಿದ್ದರೆ ಸುವಾ ಕಾರ್ಖಾನೆಯದು, ಮಿಂಚಿನಂತಿದ್ದರೆ ಡೈನಿಯದು. ಒಂದೇ ಮನೆಯ ಈ ಎರಡು ಕಾರ್ಖಾನೆಗಳ ಪೈಪೋಟಿಯಿಂದಲೇ ಎಷ್ಟೋ ಒಳ್ಳೆಯ ವಾಚ್‌ಗಳು ಹುಟ್ಟಿದವು.

ಕೊಳ್ಳುವ ಮುಂಚೆ ಹಿಂದಿನ ಮುಚ್ಚಳ ತೆಗೆಸಿ ನೋಡಲೇಬೇಕು. ಹಳೆಯ ಸೆಲ್ ಸೋರಿ ಹಸಿರು ಕಿಲುಬು ಸರ್ಕ್ಯೂಟ್‌ಗೆ ಹತ್ತಿದೆಯೇ? ಕೂದಲಿಗಿಂತ ಸಣ್ಣ ತಂತಿಯ ಕಾಯಿಲ್‌ಗೆ ಸ್ಕ್ರೂಡ್ರೈವರ್ ತಾಗಿ ಕಡಿದಿದೆಯೇ? ಯಂತ್ರ ಲೋಹದ್ದಾದ್ದರಿಂದ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ಜೋಡಿಸಬಹುದು. ಕೆಲವಲ್ಲಿ ವೇಗ ತಿದ್ದುವ ಪುಟ್ಟ ತಿರುಪೂ ಇದೆ. ಸುಟ್ಟ ಸರ್ಕ್ಯೂಟ್‌ಗೆ ಮಾತ್ರ ಹೊಸದು ಸಿಗುವುದು ಕಷ್ಟ. ಅದಕ್ಕೇ ಅನುಭವಿಗಳು ಅದೇ ಯಂತ್ರದ, ಡಯಲ್ ಕೆಟ್ಟ ಇನ್ನೊಂದು ವಾಚನ್ನು ಬಿಡಿಭಾಗಕ್ಕೆಂದು ಕೊಂಡಿಡುತ್ತಾರೆ.