ಪದ ಪರಿಚಯ: ಆಸ್ಟಿಯೊಲೈಸಿಸ್

ನಮ್ಮ ದೊಡ್ಡವ್ವ ಮೊಣಕಾಲಿನ ಕೀಲು ಬದಲಿಸಿಕೊಂಡು 13 ವರ್ಷವಾಗಿತ್ತು. ಕಲಬುರಗಿಯ ಡಾಕ್ಟರು ‘ಲೂಸ್ ಆಗಿದೆ’ ಎಂದಾಗ ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ: ‘ಲೂಸ್ ಆಗಿದ್ದರೆ ಇಸ್ಕ್ರೂ ಬಿಗಿ ಮಾಡಿರಿ ಸಾಹೇಬರೇ, ಮತ್ತೆ ಕೊಯ್ಯುವುದು ಯಾಕೆ?’ ಸಾಹೇಬರು ನಕ್ಕು ಚೀಟಿಯ ಹಿಂದೆ ಒಂದು ಪದ ಬರೆದುಕೊಟ್ಟರು: ಆಸ್ಟಿಯೊಲೈಸಿಸ್.

ಗ್ರೀಕಿನಲ್ಲಿ ಆಸ್ಟಿಯೊನ್ ಎಂದರೆ ಎಲುಬು, ಲೈಸಿಸ್ ಎಂದರೆ ಸಡಿಲುವುದು, ಕರಗುವುದು. ‘ಮೂಳೆ ಸವೆತ’ ಎಂದು ಅನುವಾದಿಸಿದರೆ ನಾನು ಒಪ್ಪುವುದಿಲ್ಲ. ಆ ಮಾತನ್ನು ನಮ್ಮ ಜನ ಆಗಲೇ ಮಂಡಿನೋವಿಗೆ ಕೊಟ್ಟುಬಿಟ್ಟಿದ್ದಾರೆ. ಅಲ್ಲಿಯೂ ಮೊದಲು ಸವೆಯುವುದು ಮೂಳೆಯಲ್ಲ, ಅದರ ತುದಿಯ ಮೃದ್ವಸ್ಥಿ. ಇಲ್ಲಿ ಸವೆಯುವುದು ಪ್ಲಾಸ್ಟಿಕ್, ಕರಗುವುದು ಎಲುಬು. ‘ಎಲುಬು ಕರಗುವಿಕೆ’ ಎಂದರೆ ಸರಿಹೋಗುತ್ತದೆ.

ಕೃತಕ ಮೊಣಕಾಲಿನಲ್ಲಿ ತೊಡೆ ಎಲುಬಿನ ತುದಿಗೆ ಲೋಹದ ಟೊಪ್ಪಿಗೆ, ಕೆಳಗಿನ ಎಲುಬಿನ ಮೇಲೆ ಲೋಹದ ತಟ್ಟೆ, ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಬಿಲ್ಲೆ. ಲೋಹವನ್ನು ಎಲುಬಿಗೆ ಹಿಡಿಸುವುದು ಹೆಚ್ಚಾಗಿ ಅಕ್ರಿಲಿಕ್ ಸಿಮೆಂಟು. (ಕಟ್ಟಿಸಿಕೊಂಡ ಹಲ್ಲಿನ ಸೆಟ್ಟಿಗೆ ಅದು ದಾಯಾದಿ, ನಮ್ಮ ವಾಡಿ, ಸೇಡಂ ಕಡೆಯ ಸಿಮೆಂಟಿಗೂ ಅದಕ್ಕೂ ಹೆಸರಿನ ನಂಟು ಮಾತ್ರ.) ನಡೆದಷ್ಟೂ ಪ್ಲಾಸ್ಟಿಕ್ ಉಜ್ಜುತ್ತದೆ, ಉಜ್ಜಿದಷ್ಟೂ ಹುಡಿ ಏಳುತ್ತದೆ. ದಾಲ್ ಮಿಲ್ಲಿನಲ್ಲಿ ಒಂದು ಗಳಿಗೆ ನಿಂತವರಿಗೆ ಹುಡಿ ಎಂದರೇನೆಂದು ಹೇಳಬೇಕಿಲ್ಲ. ಇದು ಅದಕ್ಕಿಂತ ಬಹಳ ನಯ. ಬಹುಪಾಲು ಕಣಗಳು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕವು.

ಆ ಗಾತ್ರವೇ ಎಡವಟ್ಟು. ದೊಡ್ಡ ತುಂಡಾಗಿದ್ದರೆ ದೇಹ ಸುತ್ತ ಪೊರೆ ಕಟ್ಟಿ ಸುಮ್ಮನಾಗುತ್ತಿತ್ತು. ಇಷ್ಟು ಸಣ್ಣದನ್ನು ಮ್ಯಾಕ್ರೊಫೇಜ್ ಎಂಬ ಕಸಗುಡಿಸುವ ಕೋಶ, ರೋಗಾಣುವನ್ನು ನುಂಗುವಂತೆಯೇ ನುಂಗಿಬಿಡುತ್ತದೆ. ನುಂಗಿದ್ದು ಅರಗುವುದಿಲ್ಲ. ಆ ಸಂಕಟದಲ್ಲಿ ಅದು ಉರಿಯೂತದ ರಾಸಾಯನಿಕಗಳನ್ನು ಹೊರಬಿಡುತ್ತದೆ. ಅವು ಆಸ್ಟಿಯೊಕ್ಲಾಸ್ಟ್ ಎಂಬ, ಹಳೆ ಎಲುಬು ಕೆಡವುವ ಕೋಶಗಳನ್ನು ಎಬ್ಬಿಸುತ್ತವೆ. ಪ್ಲಾಸ್ಟಿಕ್ಕನ್ನು ಅವೂ ಏನೂ ಮಾಡಲಾರವು. ಪಕ್ಕದಲ್ಲಿರುವ ಎಲುಬನ್ನು ತಿನ್ನುತ್ತವೆ. ತಿಂದ ಜಾಗದಲ್ಲಿ ಮೆತ್ತನೆಯ ಪೊರೆ ಬೆಳೆಯುತ್ತದೆ, ಅದರ ಮೇಲೆ ಕೂತ ತಟ್ಟೆ ಅಲುಗುತ್ತದೆ, ಅಲುಗಿದರೆ ಇನ್ನಷ್ಟು ಹುಡಿ. ಬಿದರಿ ಕುಸುರಿಯಲ್ಲಿ ಗೀರಿದ ಗೆರೆಗೆ ಬಡಿದು ಕೂರಿಸಿದ ಬೆಳ್ಳಿ ತಂತಿ ತಲೆಮಾರು ಕಳೆದರೂ ಮೇಲೇಳುವುದಿಲ್ಲ. ಸುತ್ತಲಿನ ಸತುವಿಗೆ ಜೀವವಿಲ್ಲ, ತಕರಾರೂ ಇಲ್ಲ.

ಇಂಗ್ಲೆಂಡಿನ ಎಲುಬು-ಕೀಲಿನ ಸರ್ಜನ್ ಜಾನ್ ಚಾರ್ನ್ಲಿ ಕೃತಕ ಸೊಂಟದ ಕೀಲಿಗೆ ಮೊದಲು ಟೆಫ್ಲಾನ್ ಬಟ್ಟಲು ಬಳಸಿದ್ದರು. ಕೆಲವೇ ವರ್ಷಗಳಲ್ಲಿ ಅವು ಸವೆದು, ಸುತ್ತಲಿನ ಅಂಗಾಂಶ ಕೆರಳಿತು. ಅದೇ ಟೆಫ್ಲಾನ್ ಕಣಗಳನ್ನು ಅವರು ತಮ್ಮ ತೊಡೆಗೇ ಚುಚ್ಚಿಕೊಂಡು ನೋಡಿದರು; ತಿಂಗಳುಗಳ ಮೇಲೂ ಗಂಟು ಕೈಗೆ ಸಿಗುತ್ತಿತ್ತು. 1962ರಲ್ಲಿ ಪಾಲಿಎಥಿಲೀನಿಗೆ ಬಂದರು. ಅದು ನಿಧಾನವಾಗಿ ಸವೆಯಿತು ಎನ್ನಬಹುದೇ ಹೊರತು ಸವೆಯಲಿಲ್ಲ ಎನ್ನಲಾಗದು. ಎಲುಬು ಕರಗಿದಾಗಲೆಲ್ಲ ಬಹುಕಾಲ ಬೈಗುಳ ತಿಂದದ್ದು ಸಿಮೆಂಟು. ‘ಸಿಮೆಂಟ್ ರೋಗ’ ಎಂಬ ಹೆಸರೂ ಬಿತ್ತು. ಸಿಮೆಂಟಿಲ್ಲದೆ ಕೂರಿಸಿದ ಕೀಲುಗಳ ಸುತ್ತಲೂ ಎಲುಬು ಕರಗಿದ ಮೇಲೆ ಪ್ಲಾಸ್ಟಿಕ್ ಸಿಕ್ಕಿಬಿತ್ತು. 1990ರ ದಶಕದ ಕೊನೆಗೆ ಬಂದ, ವಿಕಿರಣ ಹಾಯಿಸಿ ಗಟ್ಟಿಮಾಡಿದ ಪ್ಲಾಸ್ಟಿಕ್ ಸೊಂಟದ ಕೀಲಿನಲ್ಲಿ ಈ ಕಾಟವನ್ನು ಬಹಳ ತಗ್ಗಿಸಿದೆ.

ಸೋಂಕಿನಿಂದಲೂ ಕೀಲು ಸಡಿಲವಾಗುತ್ತದೆ, ಅದರ ಚಿಕಿತ್ಸೆಯೇ ಬೇರೆ. ಹಾಗಾಗಿ ರಕ್ತ ಪರೀಕ್ಷಿಸಿ, ಕೀಲಿನ ನೀರನ್ನು ಸೂಜಿಯಿಂದ ತೆಗೆದು ನೋಡಿ, ಸೋಂಕಿಲ್ಲವೆಂದು ಆದಷ್ಟು ಖಚಿತಪಡಿಸಿಕೊಳ್ಳುತ್ತಾರೆ. ದೊಡ್ಡವ್ವನಿಗೆ ಜ್ವರವಿರಲಿಲ್ಲ, ಬಾವಿರಲಿಲ್ಲ. ಕುರ್ಚಿಯಿಂದ ಏಳುವಾಗ ಚುಳುಕ್ ಎನ್ನುತ್ತಿತ್ತು, ನಾಲ್ಕು ಹೆಜ್ಜೆ ಹಾಕಿದರೆ ತಗ್ಗುತ್ತಿತ್ತು. ಎಷ್ಟೋ ಜನರಿಗೆ ಅಷ್ಟೂ ಗೊತ್ತಾಗುವುದಿಲ್ಲ. ಎಲುಬು ಸದ್ದಿಲ್ಲದೆ ಕರಗುತ್ತಿರುತ್ತದೆ.

ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಲೋಹಗಳ ನಡುವಿನ ದೊಡ್ಡ ಸಂದನ್ನು ತೋರಿಸಿ ‘ಲೂಸ್ ಆಗಿರುವುದು ಇಲ್ಲಿಯೇ?’ ಎಂದೆ. ಅದು ಪ್ಲಾಸ್ಟಿಕ್ ಬಿಲ್ಲೆ ಇರುವ ಜಾಗ. ಎಕ್ಸ್-ರೇಯಲ್ಲಿ ಅದು ಕಾಣುವುದಿಲ್ಲ. ಸಾಹೇಬರ ಪೆನ್ನು ಅದಕ್ಕೂ ಕೆಳಗೆ, ತಟ್ಟೆಯಡಿಯ ಸಿಮೆಂಟಿಗೂ ಎಲುಬಿಗೂ ನಡುವೆ ನಿಂತಿತು. ಅಲ್ಲೊಂದು ಕಪ್ಪು ಗೆರೆ. ಗೆರೆ ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ, ಬೆಳೆಯುತ್ತಿದೆಯೇ ಎಂಬುದು ಮುಖ್ಯ ಎಂದರು. ಹಳೆಯದು ಇದೆಯೇ ಎಂದು ಕೇಳಿದರು. 7 ವರ್ಷದ ಹಿಂದಿನ ಎಕ್ಸ್-ರೇ ದೊಡ್ಡವ್ವನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಸಿಕ್ಕಿತು. ಅದರಲ್ಲಿ ಆ ಗೆರೆ ಇರಲಿಲ್ಲ.