ಮಾತು ಸವೆಯುವ ಕಾಯಿಲೆ, ಅಳೆಯಲು ಮಾತೇ ಬೇಕು

ಮಿದುಳಿನ ಯಾವ ಭಾಗ ಮಾತಿನ ಯಾವ ಕೆಲಸ ನೋಡಿಕೊಳ್ಳುತ್ತದೆ ಎಂಬುದನ್ನು ವೈದ್ಯರು ಬಹುಪಾಲು ಕಲಿತದ್ದು ಪಾರ್ಶ್ವವಾಯು ಹೊಡೆದವರಿಂದ. ಪಾಲ್ ಬ್ರೋಕಾ 1861ರಲ್ಲಿ, ಕಾರ್ಲ್ ವೆರ್ನಿಕೆ 1874ರಲ್ಲಿ ಗುರುತಿಸಿದ ಎರಡು ಜಾಗಗಳ ಸುತ್ತಲೇ ಮುಂದಿನ ನೂರು ವರ್ಷದ ಚರ್ಚೆ ನಡೆಯಿತು. ಒಂದು ಜಾಗ ಮಾತ್ರ ಕಣ್ಣಿಗೆ ಬೀಳದೆ ಉಳಿಯಿತು: ಎಡಗಿವಿಯ ಬದಿಗಿರುವ ಮಿದುಳಿನ ಭಾಗ, ಅಂದರೆ ಎಡ ಟೆಂಪೊರಲ್ ಹಾಲೆಯ ಮುಂತುದಿ. ಅಲ್ಲಿಗೆ ಎರಡು ಬೇರೆ ಬೇರೆ ರಕ್ತನಾಳಗಳಿಂದ ರಕ್ತ ಹೋಗುತ್ತದೆ. ಒಂದು ಕಟ್ಟಿಕೊಂಡರೂ ಇನ್ನೊಂದು ಕಾಪಾಡುವುದರಿಂದ ಪಾರ್ಶ್ವವಾಯುವಿನಲ್ಲಿ ಆ ಭಾಗ ಪೂರ್ತಿ ಕೆಡುವುದು ಅಪರೂಪ. ಕೆಡದೆ ಇದ್ದದ್ದರ ಕೆಲಸವೇನೆಂದು ತಿಳಿಯುವುದಾದರೂ ಹೇಗೆ? ಅದನ್ನು ತಿಳಿಸಿಕೊಟ್ಟದ್ದು, ಏಕಾಏಕಿ ಬಡಿಯದೆ ವರ್ಷಗಟ್ಟಲೆ ಮಾತನ್ನು ಸವೆಸುತ್ತ ಹೋಗುವ ಪ್ರೈಮರಿ ಪ್ರೊಗ್ರೆಸಿವ್ ಅಫೇಸಿಯಾ, ಅಂದರೆ ಪಿಪಿಎ.

ಇಂಥ ರೋಗಿಯೊಬ್ಬರನ್ನು ಪ್ರಾಗ್‌ನ ಆರ್ನಾಲ್ಡ್ ಪಿಕ್ 1892ರಷ್ಟು ಹಿಂದೆಯೇ ವರ್ಣಿಸಿದ್ದರು. ಆದರೆ ಇದು ಪ್ರತ್ಯೇಕ ಕಾಯಿಲೆಯೆಂದು ವೈದ್ಯಲೋಕ ಗಮನಿಸಿದ್ದು ಅಮೆರಿಕದ ನರರೋಗ ತಜ್ಞ ಮಾರ್ಸೆಲ್ ಮೆಸುಲಂ 1982ರಲ್ಲಿ ಆರು ಜನರ ವಿವರ ಪ್ರಕಟಿಸಿದ ಮೇಲೆ. ನಿನ್ನೆ ಮನೆಗೆ ಯಾರು ಬಂದಿದ್ದರೆಂಬುದು ಇವರಿಗೆ ನೆನಪಿರುತ್ತದೆ. ದಾರಿ ತಪ್ಪುವುದಿಲ್ಲ, ಹಣಕಾಸಿನ ವ್ಯವಹಾರದಲ್ಲೂ ಎಡವುವುದಿಲ್ಲ. ಮಾತು ಮಾತ್ರ ಕೈಕೊಡುತ್ತಿರುತ್ತದೆ. ಬೇರೆ ಶಕ್ತಿಗಳೂ ಕುಂದುವುದು ಸಾಮಾನ್ಯವಾಗಿ ಆಮೇಲೆ, ಎಷ್ಟೋ ಸಲ ಕೆಲವು ವರ್ಷ ಕಳೆದ ಮೇಲೆ.

2011ರಲ್ಲಿ ತಜ್ಞರು ಒಪ್ಪಿಕೊಂಡ ಮಾನದಂಡದ ಪ್ರಕಾರ ಪಿಪಿಎಯಲ್ಲಿ ಮೂರು ಬಗೆ. ನನ್ನನ್ನು ಹೆಚ್ಚು ಬೆರಗಾಗಿಸುವುದು ಸೆಮ್ಯಾಂಟಿಕ್ ಎಂದು ಕರೆಯುವ ಬಗೆ. ಇಲ್ಲಿ ಮೊದಲು ಸೊರಗುವುದು ಆ ಮುಂತುದಿಯೇ. ರೋಗಿ ಸಲೀಸಾಗಿ ಮಾತಾಡುತ್ತಾರೆ, ವ್ಯಾಕರಣವೂ ತಪ್ಪುವುದಿಲ್ಲ. ಆದರೆ ಪದಗಳ ಅರ್ಥವೇ ಕಳಚಿಹೋಗುತ್ತಿರುತ್ತದೆ. ಸುತ್ತಿಗೆ ಎಲ್ಲಿದೆ ಎಂದು ಕೇಳಿದರೆ ‘ಸುತ್ತಿಗೆ ಅಂದರೇನು?’ ಎಂದು ತಿರುಗಿ ಕೇಳುತ್ತಾರೆ. ಹಂಸದ ಚಿತ್ರಕ್ಕೆ ಮೊದಮೊದಲು ಬಾತುಕೋಳಿ ಎನ್ನುವವರು ಆಮೇಲೆ ಹಕ್ಕಿ ಎನ್ನುತ್ತಾರೆ, ಇನ್ನೂ ಮುಂದೆ ಬರೀ ಪ್ರಾಣಿ ಎನ್ನುತ್ತಾರೆ. ಅಪರೂಪದ ಪದ ಮೊದಲು ಹೋಗುತ್ತದೆ, ದಿನಬಳಕೆಯದು ಕೊನೆಗೆ.

ಹೋಗುವುದು ಹೆಸರಷ್ಟೇ ಅಲ್ಲ ಎಂಬುದಕ್ಕೆ ಚಿತ್ರಗಳೇ ಸಾಕ್ಷಿ. ಬಾತುಕೋಳಿಯ ಚಿತ್ರವನ್ನು ಎದುರಿಗಿಟ್ಟುಕೊಂಡು ಬಿಡಿಸಿದರೆ ಸರಿಯಾಗಿಯೇ ಬರುತ್ತದೆ. ಅದನ್ನು ಮರೆಮಾಡಿ ಕೆಲವೇ ಸೆಕೆಂಡು ಬಿಟ್ಟು ಬಿಡಿಸಲು ಹೇಳಿದರೆ ನಾಲ್ಕು ಕಾಲಿನ ಬಾತುಕೋಳಿ ಮೂಡುವುದುಂಟು! ಪ್ರಾಣಿಯೆಂದರೆ ನಾಲ್ಕು ಕಾಲು ಎಂಬ ಸಾಮಾನ್ಯ ತಿಳಿವಳಿಕೆ ಉಳಿದಿದೆ, ಇದಕ್ಕೆ ಎರಡೇ ಎಂಬ ವಿಶೇಷ ಅಳಿಸಿಹೋಗಿದೆ. ಒಂದು ವಸ್ತುವಿನ ರೂಪ, ಸದ್ದು, ಬಳಕೆ, ಹೆಸರು ಎಲ್ಲವನ್ನೂ ಒಟ್ಟಿಗೆ ಹಿಡಿದಿಡುವ ಗಂಟು ಟೆಂಪೊರಲ್ ಹಾಲೆಗಳ ಮುಂತುದಿಯಲ್ಲಿದೆ ಎಂಬ ವಾದಕ್ಕೆ ಇಂಥ ರೋಗಿಗಳೇ ದೊಡ್ಡ ಆಧಾರ. ವಿಚಿತ್ರವೆಂದರೆ ಸಂಖ್ಯೆಗಳ ಜ್ಞಾನ ಇದರಲ್ಲಿ ಬಹುಕಾಲ ಉಳಿಯುತ್ತದೆ. ಸುಡೊಕು ಬಿಡಿಸುವ ಹುಚ್ಚು ಹತ್ತಿಸಿಕೊಂಡವರೂ ಇದ್ದಾರೆ.

ಎರಡನೆಯದು ನಾನ್‌ಫ್ಲೂಯೆಂಟ್. ಅರ್ಥ ಗೊತ್ತಿದೆ, ಆದರೆ ಬಾಯಿ ಸಹಕರಿಸದು. ಧ್ವನಿಗಳು ಅದಲುಬದಲಾಗುತ್ತವೆ, ವಾಕ್ಯ ಮುರಿಯುತ್ತದೆ. ಮೂರನೆಯ ಲೋಗೊಪೆನಿಕ್‌ನಲ್ಲಿ ಬೇಕಾದ ಪದ ಹೊತ್ತಿಗೆ ಸಿಗುವುದಿಲ್ಲ, ಉದ್ದದ ವಾಕ್ಯವನ್ನು ಕೇಳಿದಂತೆಯೇ ಮರಳಿ ಹೇಳಲಾಗದು. ಹೆಚ್ಚಿನವರಲ್ಲಿ ಇದರ ಮೂಲ ಅಲ್ಜೈಮರ್ ಕಾಯಿಲೆ. ನೆನಪನ್ನು ಮೊದಲು ಕೆಡಿಸುತ್ತದೆಂದು ನಾವೆಲ್ಲ ನಂಬಿದ ರೋಗ ಇಲ್ಲಿ ಮಾತಿನ ಬಾಗಿಲಿಂದ ಒಳಬಂದಿರುತ್ತದೆ. ಯಾವ ಬಗೆ ಎಂದು ಗುರುತಿಸುವುದು ಮುಖ್ಯವಾಗುವುದು ಇದಕ್ಕೇ. ಇಂಥ ಕಾಯಿಲೆಗಳಲ್ಲಿ ನರಕೋಶಗಳನ್ನು ಕೆಡಿಸುವ ಪ್ರೋಟೀನ್‌ಗಳಲ್ಲಿ ಯಾವುದು ಮಿದುಳಿನಲ್ಲಿ ಸೇರಿಕೊಂಡಿರಬಹುದು ಎಂಬುದಕ್ಕೆ ಮಾತಿನ ಧಾಟಿಯೇ ಮೊದಲ ಸುಳಿವು.

ಧಾಟಿಯನ್ನು ಅಳೆಯುವ ಹಳೆಯ, ಈಗಲೂ ಬಳಕೆಯಲ್ಲಿರುವ ಉಪಾಯ ಸರಳವಾದದ್ದು. ಒಂದು ಚಿತ್ರ ತೋರಿಸಿ ಅದರಲ್ಲಿ ಏನೇನು ನಡೆಯುತ್ತಿದೆ ಹೇಳಿ ಎನ್ನುವುದು, ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳುವುದು. ಆಮೇಲೆ ಎಣಿಕೆ. ನಿಮಿಷಕ್ಕೆ ಎಷ್ಟು ಪದ, ನಾಮಪದವೆಷ್ಟು, ಅದರ ಬದಲು ‘ಅದು’, ‘ಇದು’ ಎಷ್ಟು, ಯಾವ ಪದದ ಮುಂಚೆ ಎಷ್ಟು ಹೊತ್ತು ಮೌನ. ಇದೆಲ್ಲ ಕೈಯಲ್ಲಿ ಮಾಡುವವರಿಗೆ ಸಾಕುಬೇಕಾಗುವ ಕೆಲಸ. ಈಗ ಕಂಪ್ಯೂಟರ್ ಬಹಳಷ್ಟನ್ನು ಮಾಡುತ್ತದೆ.

ತೊಡಕಿರುವುದು ಅಳತೆಗೋಲಿನಲ್ಲೇ. ಮರೆವಿನ ರೋಗಕ್ಕೆಂದು ಎಲ್ಲೆಡೆ ಬಳಸುವ 30 ಅಂಕಗಳ ಎಂಎಂಎಸ್‌ಇ ಪರೀಕ್ಷೆಯಲ್ಲಿ ಬಹುತೇಕ ಪ್ರಶ್ನೆಗಳನ್ನು ಕೇಳಿ ಅರ್ಥಮಾಡಿಕೊಂಡು ಬಾಯಲ್ಲೇ ಉತ್ತರಿಸಬೇಕು. ಮಾತು ಬಾರದವರು ಇದರಲ್ಲಿ ಬುದ್ಧಿ ಮಂಕಾದವರಂತೆ ಕಾಣುತ್ತಾರೆ. ಒಂದು ಭಾಷೆಯ ಪರೀಕ್ಷೆ ಇನ್ನೊಂದಕ್ಕೆ ಒಗ್ಗುವುದೂ ಇಲ್ಲ. ಬರೆದದ್ದೊಂದು, ಓದುವುದೊಂದು ಎಂಬಂಥ ಇಂಗ್ಲಿಷ್ ಪದಗಳನ್ನು ಸೆಮ್ಯಾಂಟಿಕ್ ರೋಗಿಗಳು ಅಕ್ಷರ ಕೂಡಿಸಿ ತಪ್ಪಾಗಿ ಓದುತ್ತಾರೆ. ಪತ್ತೆಗೆ ಅದು ಒಳ್ಳೆಯ ಸಾಧನ. ಬರೆದಂತೆಯೇ ಓದುವ ಕನ್ನಡದಲ್ಲಿ ಆ ಸಾಧನ ಹೆಚ್ಚೇನೂ ಹೇಳದು. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವ ವ್ಯಾಕರಣದ ಸಣ್ಣ ಪದಗಳು ಬಿಟ್ಟುಹೋದದ್ದನ್ನು ಎಣಿಸಬಹುದು. ನಮ್ಮಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಪದದ ಬಾಲಕ್ಕೆ ಅಂಟಿದ ಪ್ರತ್ಯಯಗಳು ಮಾಡುತ್ತವೆ. ಎಣಿಸಬೇಕಾದದ್ದು ಏನು ಎಂಬುದನ್ನು ಪ್ರತಿ ಭಾಷೆಯಲ್ಲೂ ಹೊಸದಾಗಿ ನಿರ್ಧರಿಸಬೇಕು.

ಕಾಯಿಲೆಯನ್ನು ನಿಲ್ಲಿಸುವ ಔಷಧಿ ಇನ್ನೂ ಇಲ್ಲ. ವಾಕ್ ಚಿಕಿತ್ಸೆ ಇದೆ. ಟೆಕ್ಸಸ್ ವಿಶ್ವವಿದ್ಯಾಲಯದ ಮಾಯಾ ಹೆನ್ರಿ ಮತ್ತು ಸಂಗಡಿಗರು ನಾನ್‌ಫ್ಲೂಯೆಂಟ್ ಬಗೆಯ 10 ಮಂದಿಯಿಂದ ಅವರಿಗೇ ಬೇಕಾದ ಮಾತುಗಳನ್ನು ಆಯ್ಕೆ ಮಾಡಿಸಿ, ವಿಡಿಯೊದಲ್ಲಿ ಬಾಯಾಡುವುದನ್ನು ನೋಡುತ್ತ ಜೊತೆಜೊತೆಗೇ ಹೇಳುವ ಅಭ್ಯಾಸ ಮಾಡಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಲಿತದ್ದು ಒಂದು ವರ್ಷದವರೆಗೂ ಉಳಿದಿತ್ತು. ಇಳಿಯುತ್ತಲೇ ಇರುವ ರೋಗದಲ್ಲಿ ಇದ್ದಲ್ಲೇ ನಿಂತದ್ದೂ ಲಾಭವೇ. ಎಷ್ಟು ಲಾಭ ಎಂದು ಹೇಳಬೇಕಾದರೆ ಚಿಕಿತ್ಸೆ ಇಲ್ಲದಿದ್ದರೆ ಮಾತು ಎಷ್ಟು ಬೇಗ ಇಳಿಯುತ್ತಿತ್ತು ಎಂಬ ಅಂದಾಜು ಬೇಕು. ಅದಕ್ಕೇ ಸಂಶೋಧಕರು ರೋಗಿಗಳನ್ನು ಮತ್ತೆ ಮತ್ತೆ ಕರೆಸಿ ಮಾತಾಡಿಸುತ್ತಾರೆ. ಮಾತೇ ನಿಂತುಹೋದವರ ದಾಖಲೆ ಅಲ್ಲಿಗೆ ತುಂಡಾಗುವುದರಿಂದ, ಈ ಲೆಕ್ಕದಲ್ಲಿ ತೀರಾ ಬೇಗ ಕುಸಿದವರ ಪಾಲು ಯಾವಾಗಲೂ ಕಡಿಮೆಯೇ.